ಹಾಸಿಗೆ ಇದ್ದಷ್ಟೇ ಕಿಟಕಿ

ರಾತ್ರಿ ಹನ್ನೊಂದು ಗಂಟೆ. ಪಿ.ಯು.ಸಿ. ಮುಗಿಸಿದ ಮಗಳು ಪ್ರವೇಶ ಪರೀಕ್ಷೆಯ ಅರ್ಜಿ ತುಂಬುತ್ತಿದ್ದಾಳೆ. ಅಂದೇ ಕೊನೆಯ ದಿನ. ಎದುರಿಗಿರುವುದು ಚಿಕ್ಕಪ್ಪನ ಮನೆಯ ಮೂಲೆಯಲ್ಲಿ ಧೂಳು ಹಿಡಿದಿದ್ದ ಪುಟ್ಟ ಲ್ಯಾಪ್‌ಟಾಪು. ಹೆಸರು, ವಿಳಾಸ, ಅಂಕಪಟ್ಟಿ ಎಲ್ಲವೂ ಆಯಿತು. ಇನ್ನು ಭಾವಚಿತ್ರದ ಅಳತೆ ಕುಗ್ಗಿಸಬೇಕು. ಅದಕ್ಕೆಂದು ತೆರೆದ ತಂತ್ರಾಂಶದಲ್ಲಿ ಒಂದು ಸಣ್ಣ ಕಿಟಕಿ ಮೂಡಿತು. ಅಗಲ ಎಷ್ಟು, ಎತ್ತರ ಎಷ್ಟು ಎಂದು ತುಂಬಿದ್ದೂ ಆಯಿತು. ಆಮೇಲೆ 'ಓಕೆ' ಎಂಬ ಗುಂಡಿ ಒತ್ತಬೇಕು. ಆದರೆ ಗುಂಡಿಯೇ ಇಲ್ಲ!

"ಏನಮ್ಮಾ, ಇನ್ನೂ ಆಗ್ಲಿಲ್ವಾ?" ಎಂದು ಅಪ್ಪ ಕೇಳುತ್ತಾರೆ.

"ಗುಂಡಿ ಕಾಣಿಸ್ತಾನೇ ಇಲ್ಲಪ್ಪಾ."

"ಸರಿಯಾಗಿ ನೋಡು, ಅಲ್ಲೇ ಎಲ್ಲೋ ಇರತ್ತೆ."

ಅಪ್ಪನ ಮಾತು ಸುಳ್ಳಲ್ಲ. ಗುಂಡಿ ಅಲ್ಲೇ ಇದೆ. ಪರದೆಯ ಕೆಳಗಿನ ಅಂಚಿನಿಂದಲೂ ಕೆಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ ಇದೆ. ಕಿಟಕಿಯನ್ನು ಮೇಲಕ್ಕೆ ಎಳೆಯೋಣವೆಂದರೆ ಅದರ ತಲೆ ಪರದೆಯ ಸೂರಿಗೆ ತಾಗಿ ನಿಂತಿದೆ. ಚಿಕ್ಕದು ಮಾಡೋಣವೆಂದರೆ ಅಂಚು ಕದಲುವುದಿಲ್ಲ. ಕಾಲು ಗಂಟೆ ಹೆಣಗಿದ ಹುಡುಗಿ ಕೊನೆಗೆ ಹೇಳುವ ಮಾತು: "ನಂಗೆ ಕಂಪ್ಯೂಟರ್ ಬರಲ್ಲ ಅನ್ಸತ್ತೆ."

ಈ ಮನೆ ಕಲ್ಪನೆಯದು. ಆದರೆ ಈ ತೊಂದರೆ ಕಲ್ಪನೆಯದಲ್ಲ. ಚಿಕ್ಕ ಪರದೆಯ ಯಂತ್ರ ಬಳಸಿದವರೆಲ್ಲರೂ ಒಂದಲ್ಲ ಒಂದು ದಿನ ಇದನ್ನು ಅನುಭವಿಸಿದ್ದಾರೆ. ಹುಡುಗಿಗೆ ಕಂಪ್ಯೂಟರ್ ಬರುತ್ತದೆ. ಬಾರದಿದ್ದದ್ದು ಆ ತಂತ್ರಾಂಶ ಬರೆದವರಿಗೆ; ತಮ್ಮ ಕಿಟಕಿ ಎಷ್ಟು ಚಿಕ್ಕ ಪರದೆಯಲ್ಲಿ ತೆರೆದುಕೊಳ್ಳಬಹುದು ಎಂಬ ಲೆಕ್ಕ ಅವರಿಗೆ ಬರಲಿಲ್ಲ. ಆ ಲೆಕ್ಕ ಏನು, ಅದು ತಪ್ಪಿದ್ದು ಹೇಗೆ, ತಪ್ಪಿದಾಗ ದಾರಿ ಯಾವುದು ಎಂಬುದನ್ನು ತಿಳಿಯುವುದು ಮಕ್ಕಳಿಗೂ ಹೆತ್ತವರಿಗೂ ಉಪಯುಕ್ತ.

ಮೇಜಿನ ಮೇಲಿನ ಕಾಗದಗಳು

ಕಂಪ್ಯೂಟರಿನ ಪರದೆ ಎಂದರೆ ಚುಕ್ಕೆಗಳ ಹೊಲ. ಒಂದೊಂದು ಚುಕ್ಕೆಗೂ ಪಿಕ್ಸೆಲ್ ಎಂದು ಹೆಸರು. ಪರದೆ 800 × 480 ಎಂದರೆ ಅಡ್ಡಲಾಗಿ 800 ಚುಕ್ಕೆ, ಉದ್ದಕ್ಕೆ 480 ಸಾಲು. ಒಟ್ಟು 3,84,000 ಚುಕ್ಕೆ. ತಂತ್ರಾಂಶಗಳು ಈ ಹೊಲದಲ್ಲಿ ತಮಗೆ ಬೇಕಾದಷ್ಟು ಜಾಗವನ್ನು ಚೌಕಾಕಾರವಾಗಿ ಗುರುತು ಹಾಕಿಕೊಳ್ಳುತ್ತವೆ. ಅದೇ ವಿಂಡೋ, ಅಂದರೆ ಕಿಟಕಿ.

ಒಂದರ ಮೇಲೊಂದು ಕಿಟಕಿಗಳನ್ನು ಹರಡುವ ಯೋಚನೆ ಬೆಳೆದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿನ ಆಲನ್ ಕೇ ಮತ್ತು ಅವರ ಸಂಗಡಿಗರ ವಿಚಾರ ಸರಳವಾಗಿತ್ತು. ಪರದೆ ಚಿಕ್ಕದು, ಕೆಲಸ ಹಲವು. ಮೇಜಿನ ಮೇಲೆ ಕಾಗದಗಳನ್ನು ಒಂದರ ಮೇಲೊಂದು ಇಟ್ಟು, ಬೇಕಾದದ್ದನ್ನು ಮೇಲಕ್ಕೆ ಎಳೆದುಕೊಳ್ಳುವುದಿಲ್ಲವೇ? ಹಾಗೆಯೇ ಇಲ್ಲೂ ಮಾಡಿದರೆ ಸಾಕು. ಅಂದರೆ ಕಿಟಕಿಗಳು ಹುಟ್ಟಿದ್ದೇ ಪರದೆ ಸಾಲದು ಎಂಬ ಕೊರತೆಯಿಂದ. ಅಲ್ಲಿ 1973ರಲ್ಲಿ ತಯಾರಾದ ಆಲ್ಟೋ ಎಂಬ ಯಂತ್ರದ ಪರದೆ ಕಾಗದದ ಹಾಳೆಯಂತೆ ನೆಟ್ಟಗೆ ನಿಂತಿತ್ತು. ಅದರ ಅಗಲ 606 ಚುಕ್ಕೆ, ಎತ್ತರ 808 ಚುಕ್ಕೆ. ಎತ್ತರ ಅಗಲಕ್ಕಿಂತ ಹೆಚ್ಚು ಎಂಬುದನ್ನು ನೆನಪಿಡಬೇಕು. ಮುಂದಿನ ಕಥೆಗೆ ಅದು ಬೇಕಾಗುತ್ತದೆ.

1984ರ ಜನವರಿಯಲ್ಲಿ ಆಪಲ್ ಕಂಪನಿಯ ಮೆಕಿಂತೋಷ್ ಬಂತು. ಅದರದ್ದು 9 ಇಂಚಿನ ಕಪ್ಪು ಬಿಳುಪು ಪರದೆ. 512 × 342 ಚುಕ್ಕೆ. ಅಷ್ಟು ಚಿಕ್ಕ ಜಾಗದಲ್ಲಿ ಪತ್ರ ಬರೆಯುವುದಕ್ಕೂ ಚಿತ್ರ ಬಿಡಿಸುವುದಕ್ಕೂ ಸಾಧ್ಯವಾಯಿತು. ಏಕೆಂದರೆ ಅದಕ್ಕೆ ತಂತ್ರಾಂಶ ಬರೆಯುವವರ ಮುಂದೆ ಇದ್ದದ್ದೂ ಅದೇ ಅಳತೆ. ಅದಕ್ಕಿಂತ ದೊಡ್ಡ ಕಿಟಕಿ ಮಾಡಿದರೆ ಬಳಸುವವರ ಪರದೆಯಲ್ಲಿ ಹಿಡಿಸುವುದಿಲ್ಲವೆಂದು ಮೊದಲೇ ಗೊತ್ತಿತ್ತು.

ಮೈಕ್ರೋಸಾಫ್ಟ್ ಕಂಪನಿಯ ಮೊದಲ ವಿಂಡೋಸ್ 1985ರ ನವೆಂಬರಿನಲ್ಲಿ ಬಂದಾಗ ಅದರ ಕಿಟಕಿಗಳು ಒಂದರ ಮೇಲೊಂದು ಕೂರುತ್ತಿರಲಿಲ್ಲ. ನೆಲದ ಹೆಂಚುಗಳ ಹಾಗೆ ಪಕ್ಕಪಕ್ಕದಲ್ಲಿ ಜೋಡಣೆಯಾಗುತ್ತಿದ್ದವು. ಎರಡನೆಯ ಆವೃತ್ತಿಯಲ್ಲಿ, 1987ರಲ್ಲಿ, ಅವೂ ಮೇಲೆ ಮೇಲೆ ಹತ್ತತೊಡಗಿದವು. ಅದೇ ವರ್ಷ ಐಬಿಎಂ ಕಂಪನಿ ವಿಜಿಎ ಎಂಬ ಏರ್ಪಾಡು ತಂದಿತು. ಅದರ 640 × 480 ಎಂಬ ಅಳತೆ ಬಹಳ ವರ್ಷ ಜಗತ್ತಿನ ಕಂಪ್ಯೂಟರುಗಳ ಸಾಮಾನ್ಯ ಅಳತೆಯಾಗಿ ನಿಂತಿತು. 1995ರ ಆಗಸ್ಟಿನಲ್ಲಿ ಬಂದ ವಿಂಡೋಸ್ 95 ಕೂಡ ಆ ಅಳತೆಯಲ್ಲಿ ಓಡಬೇಕಾಗಿತ್ತು. ಹಾಗಾಗಿಯೇ ಆ ಕಾಲದ ಸಣ್ಣ ಕಿಟಕಿಗಳಲ್ಲಿ ಪುಸ್ತಕದ ಪುಟಗಳ ಅಂಚಿಗೆ ಅಂಟಿಸಿದ ಚೀಟಿಗಳಂಥ 'ಟ್ಯಾಬ್'ಗಳು ಕಾಣಿಸಿಕೊಂಡವು. ಎಲ್ಲವನ್ನೂ ಒಂದೇ ಉದ್ದನೆಯ ಕಿಟಕಿಯಲ್ಲಿ ತುರುಕುವ ಬದಲು ನಾಲ್ಕು ಪುಟ ಮಾಡಿ ಹಂಚುವುದು ಜಾಣತನ.

ಉದ್ದ ಕಳೆದುಕೊಂಡ ಪರದೆ

ಆಮೇಲೆ ಪರದೆಗಳು ಬೆಳೆದವು. 800 × 600 ಆಯಿತು, 1024 × 768 ಆಯಿತು. ತಂತ್ರಾಂಶ ಬರೆಯುವವರ ಕೈಗೆ ಇನ್ನೂ ದೊಡ್ಡ ಪರದೆ ಸಿಕ್ಕಿತು. ಅಂಗಳ ದೊಡ್ಡದಾದಂತೆ ಕಿಟಕಿಗಳೂ ಹಿಗ್ಗಿದವು. 768 ಸಾಲುಗಳು ಎಲ್ಲರ ಬಳಿಯೂ ಇವೆ ಎಂಬ ನಂಬಿಕೆ ಬೇರೂರಿತು. ಆಗ ಬಂದದ್ದೇ ನೆಟ್‌ಬುಕ್.

ತೈವಾನಿನ ಆಸುಸ್ ಕಂಪನಿ 2007ರಲ್ಲಿ ಈ ಪಿಸಿ 701 ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ತೂಕ ಒಂದು ಕಿಲೋಗಿಂತ ಕಡಿಮೆ. ಬೆಲೆ ಬೇರೆ ಲ್ಯಾಪ್‌ಟಾಪುಗಳಿಗಿಂತ ಬಹಳ ಅಗ್ಗ. ಪರದೆ 7 ಇಂಚು. 800 × 480 ಚುಕ್ಕೆ. ವಿದ್ಯಾರ್ಥಿಗಳು ಮುಗಿಬಿದ್ದರು, ಬೇರೆ ಕಂಪನಿಗಳೂ ಹಿಂಬಾಲಿಸಿದವು. 2008ರಲ್ಲಿ ಪರದೆ 9 ಇಂಚಿನ ಹತ್ತಿರಕ್ಕೆ ಬೆಳೆದು 1024 × 600 ಆಯಿತು. ಭಾರತದಲ್ಲಿ 2011ರ ಅಕ್ಟೋಬರಿನಲ್ಲಿ ವಿದ್ಯಾರ್ಥಿಗಳಿಗೆಂದೇ ಬಿಡುಗಡೆಯಾದ ಆಕಾಶ್ ಟ್ಯಾಬ್ಲೆಟ್ಟಿನ ಪರದೆಯೂ 7 ಇಂಚು, 800 × 480.

ಇಲ್ಲಿ ಒಂದು ಸಣ್ಣ ವ್ಯವಕಲನ ಮಾಡಬೇಕು. ಹಳೆಯ ಪರದೆ 1024 × 768. ನೆಟ್‌ಬುಕ್ಕಿನದು 1024 × 600. ಅಗಲ ಅಷ್ಟೇ ಇದೆ. ಉದ್ದದಲ್ಲಿ ಮಾತ್ರ 168 ಸಾಲು ಮಾಯವಾಗಿದೆ. 700 ಸಾಲು ಎತ್ತರದ ಒಂದು ಕಿಟಕಿ ಹಳೆಯದರಲ್ಲಿ ಸುಖವಾಗಿ ಕೂರುತ್ತಿತ್ತು. ಹೊಸದರಲ್ಲಿ ಅದರ ಕೆಳಗಿನ 100 ಸಾಲು ಹೊರಗೆ ಚಾಚಿಕೊಂಡಿತು. 'ಓಕೆ', 'ಕ್ಯಾನ್ಸಲ್' ಗುಂಡಿಗಳು ವಾಡಿಕೆಯಂತೆ ಇರುವುದು ಎಲ್ಲಿ? ಕಿಟಕಿಯ ತೀರಾ ಕೆಳಗೆ. ಹೀಗಾಗಿ ಮೊದಲು ಮುಳುಗಿದ್ದು, ಎಲ್ಲಕ್ಕಿಂತ ಮುಖ್ಯವಾದ ಆ ಎರಡು ಗುಂಡಿಗಳೇ.

ಪರದೆಗಳು ಉದ್ದ ಕಳೆದುಕೊಂಡದ್ದು ಹೇಗೆ ಎಂಬುದನ್ನು ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯದಿಂದಲೇ ತಿಳಿಯಬಹುದು. ಅಂಗಡಿಯವರು ಪರದೆಯನ್ನು ಕರ್ಣದ ಲೆಕ್ಕದಲ್ಲಿ ಅಳೆಯುತ್ತಾರೆ: ಒಂದು ಮೂಲೆಯಿಂದ ಎದುರು ಮೂಲೆಗೆ 15 ಇಂಚು, ಎಂದು. ಹಳೆಯ ಪರದೆಗಳ ಅಗಲ ಮತ್ತು ಎತ್ತರದ ಪ್ರಮಾಣ 4:3. ಕರ್ಣ 15 ಆದರೆ ಅಗಲ 12, ಎತ್ತರ 9 ಇಂಚು. ಟೆಲಿವಿಷನ್ನಿನಂತೆ ಅಗಲವಾದ 16:9 ಪ್ರಮಾಣದ ಪರದೆಯಲ್ಲಿ ಅದೇ 15 ಇಂಚಿನ ಕರ್ಣಕ್ಕೆ ಅಗಲ ಸುಮಾರು 13 ಇಂಚು. ಎತ್ತರ ಸುಮಾರು 7.35 ಇಂಚು ಮಾತ್ರ. ಕ್ಷೇತ್ರಫಲ 108 ಚದರ ಇಂಚಿನಿಂದ 96ಕ್ಕೆ ಇಳಿಯಿತು. ಪೆಟ್ಟಿಗೆಯ ಮೇಲೆ ಎರಡಕ್ಕೂ '15 ಇಂಚು' ಎಂದೇ ಬರೆದಿರುತ್ತದೆ!

ಸಿನಿಮಾ ನೋಡಲು ಅಗಲದ ಪರದೆ ಒಳ್ಳೆಯದೇ. ಆದರೆ ಓದುವುದು, ಬರೆಯುವುದು, ಅರ್ಜಿ ತುಂಬುವುದು ಇವೆಲ್ಲ ಮೇಲಿನಿಂದ ಕೆಳಕ್ಕೆ ಸಾಗುವ ಕೆಲಸಗಳು. ಇರುವ ಎತ್ತರದಲ್ಲಿಯೇ ತಲೆಪಟ್ಟಿ, ಮೆನು, ಉಪಕರಣಗಳ ಸಾಲು, ಕೆಳಗಿನ ಟಾಸ್ಕ್‌ಬಾರ್ ಇವೆಲ್ಲ ತಮ್ಮ ತಮ್ಮ ಪಾಲು ಕೇಳುತ್ತವೆ. ಮನೆಯ ತುಂಬ ಪೀಠೋಪಕರಣ ತುಂಬಿಸಿ, ಕೂರಲು ಜಾಗವಿಲ್ಲದ ಸ್ಥಿತಿ.

ಮೊಳೆ ಹೊಡೆದ ಗುಂಡಿಗಳು

ಹಾಗಾದರೆ ಕಿಟಕಿ ತಾನಾಗಿಯೇ ಕುಗ್ಗಬಾರದೇಕೆ? ಕುಗ್ಗುವಂತೆ ಬರೆದರೆ ಕುಗ್ಗುತ್ತದೆ. ಬರೆಯದಿದ್ದರೆ ಇಲ್ಲ.

ಕಿಟಕಿಯೊಳಗೆ ಗುಂಡಿಗಳನ್ನು ಕೂರಿಸಲು ಎರಡು ಬಗೆಗಳಿವೆ. ಮೊದಲನೆಯದು ಗೋಡೆಗೆ ಮೊಳೆ ಹೊಡೆದಂತೆ. 'ಮೇಲಿನಿಂದ 650 ಸಾಲು, ಎಡದಿಂದ 300 ಚುಕ್ಕೆ, ಅಲ್ಲಿ ಈ ಗುಂಡಿ' ಎಂದು ಅಂಕಿಯಲ್ಲಿ ಬರೆದುಬಿಡುವುದು. 1991ರಲ್ಲಿ ಬಂದ ವಿಷುವಲ್ ಬೇಸಿಕ್‌ನಂಥ ಸಾಧನಗಳಲ್ಲಿ ಗುಂಡಿಯನ್ನು ಮೌಸ್‌ನಿಂದ ಎಳೆದು ತಂದು ಬೇಕಾದಲ್ಲಿ ಇಟ್ಟರೆ ಸಾಕಿತ್ತು. ಕಲಿಯಲು ಬಲು ಸುಲಭ. ಲಕ್ಷಾಂತರ ಜನ ತಂತ್ರಾಂಶ ಬರೆಯಲು ಕಲಿತದ್ದು ಹಾಗೆಯೇ. ಆದರೆ ಅಕ್ಷರದ ಅಳತೆ ಬದಲಾದರೆ, ಭಾಷೆ ಬದಲಾದರೆ, ಪರದೆ ಚಿಕ್ಕದಾದರೆ ಮೊಳೆ ಹೊಡೆದದ್ದು ಹೊಡೆದಲ್ಲೇ ಇರುತ್ತದೆ.

ಎರಡನೆಯದು ಬುಟ್ಟಿ ಹೆಣೆದಂತೆ. 'ಈ ಮೂರು ಒಂದರ ಕೆಳಗೊಂದು ಇರಲಿ, ನಡುವಿನ ಜಾಗ ಹಿಗ್ಗಲಿ ಕುಗ್ಗಲಿ, ಗುಂಡಿ ಮಾತ್ರ ಯಾವಾಗಲೂ ಕೆಳಗಿನ ಅಂಚಿಗೆ ಅಂಟಿಕೊಂಡಿರಲಿ' ಎಂದು ಸಂಬಂಧಗಳನ್ನು ಹೇಳುವುದು. ಅಂಕಿಗಳ ಲೆಕ್ಕ ಕಂಪ್ಯೂಟರಿನ ಪಾಲಿಗೆ. ಈ ವಿಚಾರದ ಒಂದು ಬೇರು ಸಿಗುವುದು ಅಚ್ಚಿನ ಕೆಲಸದಲ್ಲಿ. ಡೊನಾಲ್ಡ್ ಕ್ನೂತ್ ಎಂಬ ಗಣಕ ವಿಜ್ಞಾನಿ 1970ರ ದಶಕದ ಕೊನೆಯಲ್ಲಿ ಗಣಿತದ ಪುಸ್ತಕಗಳನ್ನು ಅಂದವಾಗಿ ಅಚ್ಚಿಗೆ ಜೋಡಿಸಲು ಟೆಕ್ ಎಂಬ ತಂತ್ರಾಂಶ ಬರೆದರು. ಅದರಲ್ಲಿ ಪ್ರತಿ ಅಕ್ಷರವೂ ಒಂದು ಪೆಟ್ಟಿಗೆ; ಪೆಟ್ಟಿಗೆಗಳ ನಡುವೆ ಹಿಗ್ಗಿ ಕುಗ್ಗುವ 'ಅಂಟು'. ಸಾಲು ಉದ್ದವಾದರೆ ಅಂಟು ಕುಗ್ಗುತ್ತದೆ, ಗಿಡ್ಡವಾದರೆ ಹಿಗ್ಗುತ್ತದೆ. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಇಂಟರ್‌ವ್ಯೂಸ್ ಎಂಬ ತಂತ್ರಾಂಶ ಇದೇ ಪೆಟ್ಟಿಗೆ ಮತ್ತು ಅಂಟನ್ನು ಪರದೆಯ ಕಿಟಕಿಗಳಿಗೆ ತಂದಿತು. 1990ರ ದಶಕದ ಜಾವಾ ಭಾಷೆಯಲ್ಲೂ ಇಂಥ ಏರ್ಪಾಡು ಇತ್ತು. ಬುಟ್ಟಿ ಹೆಣೆಯುವ ವಿದ್ಯೆ ಗೊತ್ತೇ ಇರಲಿಲ್ಲವೆಂದಲ್ಲ. ಮೊಳೆ ಹೊಡೆಯುವುದು ಸುಲಭವೆಂದು ಹೊಡೆದರು, ಅಷ್ಟೇ.

ವೆಬ್ ಪುಟಗಳ ಪಾಡೂ ಇದೇ ಆಗಿತ್ತು. ಆಪಲ್ ಕಂಪನಿಯ ಮೊದಲ ಐಫೋನ್ 2007ರಲ್ಲಿ ಬಂದಾಗ ಅದರ ಪರದೆಯ ಅಗಲ ಕೇವಲ 320 ಚುಕ್ಕೆ. ಆದರೆ ಪುಟಗಳೆಲ್ಲ ದೊಡ್ಡ ಪರದೆಗೆ ಮೊಳೆ ಹೊಡೆದವು. ಅದಕ್ಕೊಂದು ಉಪಾಯ ಮಾಡಿದರು: ತನ್ನ ಅಗಲ 980 ಚುಕ್ಕೆ ಎಂದು ಫೋನು ಪುಟಕ್ಕೆ ಸುಳ್ಳು ಹೇಳುತ್ತಿತ್ತು, ಆಮೇಲೆ ಇಡೀ ಪುಟವನ್ನು ಕುಗ್ಗಿಸಿ ತೋರಿಸುತ್ತಿತ್ತು. ಓದುವವರು ಬೆರಳಿನಿಂದ ಹಿಗ್ಗಿಸಿಕೊಳ್ಳಬೇಕು. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬ ವಿನ್ಯಾಸಕಾರರು ಒಂದು ಲೇಖನ ಬರೆದು, ಒಂದೇ ಪುಟ ಪರದೆಯ ಅಗಲ ನೋಡಿಕೊಂಡು ತನ್ನ ಅಂಗಾಂಗಗಳನ್ನು ತಾನೇ ಮರುಜೋಡಿಸಿಕೊಳ್ಳಬೇಕು ಎಂಬ ವಿಧಾನಕ್ಕೆ ಹೆಸರು ಕೊಟ್ಟರು. ಇಂದು ಫೋನಿನಲ್ಲಿ ದಿನಪತ್ರಿಕೆಯ ಪುಟ ತೆರೆದರೆ ಮೂರು ಅಂಕಣ ಒಂದಾಗಿ ಕೆಳಕ್ಕೆ ಇಳಿಯುವುದು ಆ ವಿಧಾನದಿಂದಲೇ.

ನೆಟ್‌ಬುಕ್ ಕಲಿಸಿದ ಉಪಾಯಗಳು

ನೆಟ್‌ಬುಕ್ ಕೊಂಡವರು ಕೈಕಟ್ಟಿ ಕೂರಲಿಲ್ಲ. ಹಲವರು ಹಲವು ದಾರಿ ಹುಡುಕಿದರು.

ಲಿನಕ್ಸ್ ಬಳಸುತ್ತಿದ್ದವರಿಗೆ ಒಂದು ಹಳೆಯ ವಿದ್ಯೆ ಒದಗಿಬಂತು. ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಕಿಟಕಿಯ ಯಾವ ಭಾಗದಲ್ಲಾದರೂ ಮೌಸ್‌ನಿಂದ ಹಿಡಿದು ಎಳೆದರೆ ಇಡೀ ಕಿಟಕಿ ಮೇಲಕ್ಕೆ ಸರಿದು, ತಲೆ ಪರದೆಯಾಚೆ ಹೋಗಿ, ಕಾಲ ಬಳಿಯ ಗುಂಡಿ ಕಾಣುತ್ತಿತ್ತು. ಪರದೆಗಿಂತ ದೊಡ್ಡದಾದ ಮೇಜೊಂದು ಇದೆ ಎಂದು ಯಂತ್ರವನ್ನು ನಂಬಿಸಿ, ಮೌಸ್ ಅಂಚಿಗೆ ಬಂದಾಗ ನೋಟವನ್ನು ಆಚೀಚೆ ಸರಿಸುವ ಏರ್ಪಾಡೂ ಇತ್ತು. ಗುಂಡಿಗಾಗಿ ಪರದೆಯನ್ನೇ 90 ಡಿಗ್ರಿ ತಿರುಗಿಸಿದವರೂ ಉಂಟು. 1024 × 600 ಇದ್ದದ್ದು ಆಗ 600 × 1024 ಆಗುತ್ತದೆ. ಲ್ಯಾಪ್‌ಟಾಪನ್ನು ಪುಸ್ತಕದಂತೆ ಅಡ್ಡ ಹಿಡಿದು ಗುಂಡಿ ಒತ್ತಿ, ಮತ್ತೆ ನೆಟ್ಟಗೆ ಮಾಡಿದರಾಯಿತು. ನಗು ಬರಿಸುವ ಉಪಾಯವಾದರೂ ಕೆಲಸ ಆಗುತ್ತಿತ್ತು. ನೆಟ್ಟಗೆ ನಿಂತ ಆಲ್ಟೋದ ಪರದೆ ಹೀಗೆ ಒಂದು ಗಳಿಗೆ ಮರಳಿ ಬಂದಂತೆ!

ತಂತ್ರಾಂಶ ಮಾಡುವವರಲ್ಲೂ ಕೆಲವರು ಎಚ್ಚೆತ್ತರು. ಉಬುಂಟು ಎಂಬ ಲಿನಕ್ಸ್ ಬಳಗ 2008ರಲ್ಲಿ ನೆಟ್‌ಬುಕ್ಕಿಗೆಂದೇ ಒಂದು ಆವೃತ್ತಿ ತಂದಿತು. ಅದರಲ್ಲಿ ಕಿಟಕಿಗಳು ತೆರೆಯುವಾಗಲೇ ಪರದೆಯ ತುಂಬ ಹರಡಿಕೊಂಡು, ತಲೆಪಟ್ಟಿಯನ್ನು ಮೇಲಿನ ಪಟ್ಟಿಯೊಳಗೆ ಸೇರಿಸಿಬಿಡುತ್ತಿದ್ದವು. 2010ರಲ್ಲಿ ಅದೇ ಬಳಗ ಗುರುತುಚಿತ್ರಗಳ ಸಾಲನ್ನು ಕೆಳಗಿನಿಂದ ಎಡಬದಿಗೆ ವರ್ಗಾಯಿಸಿತು. ಅಗಲ ಧಾರಾಳ, ಎತ್ತರ ದುರ್ಲಭ. ಧಾರಾಳವಿರುವ ಕಡೆಯಿಂದ ಖರ್ಚು ಮಾಡು ಎಂಬ ಗೃಹಿಣಿಯರ ಲೆಕ್ಕಾಚಾರ.

ಉಲ್ಟಾ ಹೊಡೆದವರೂ ಇದ್ದರು. 2012ರಲ್ಲಿ ವಿಂಡೋಸ್ 8 ಬಂದಾಗ ಅದರ ಹೊಸ ಬಗೆಯ ಆ್ಯಪ್‌ಗಳಿಗೆ ಕನಿಷ್ಠ 1024 × 768 ಬೇಕೆಂದು ನಿಯಮವಾಯಿತು. 600 ಸಾಲಿನ ನೆಟ್‌ಬುಕ್ಕಿನಲ್ಲಿ ಅವು ತೆರೆಯಲೇ ಇಲ್ಲ. ಗುಂಡಿಯನ್ನು ಮರೆಮಾಡುವ ಬದಲು ಬಾಗಿಲಲ್ಲೇ ತಡೆದಂತೆ. ಅಷ್ಟು ಹೊತ್ತಿಗೆ ನೆಟ್‌ಬುಕ್ಕಿನ ಕಾಲವೂ ಮುಗಿಯುತ್ತ ಬಂದಿತ್ತು.

ಮುಗಿಯದ ಕಥೆ

ನೆಟ್‌ಬುಕ್ ಹೋಯಿತು, ತೊಂದರೆಯೂ ಹೋಯಿತು ಎಂದುಕೊಂಡರೆ ತಪ್ಪು. ಅಗ್ಗದ ಲ್ಯಾಪ್‌ಟಾಪುಗಳಲ್ಲಿ ಬಹುಕಾಲ ಇದ್ದ ಅಳತೆ 1366 × 768. ಇದರಲ್ಲಿ ಅಕ್ಷರ ಸಣ್ಣದಾಗಿ ಕಾಣುತ್ತದೆಂದು ವಿಂಡೋಸಿನಲ್ಲಿ ಎಲ್ಲವನ್ನೂ ಶೇಕಡಾ 125ಕ್ಕೆ ಹಿಗ್ಗಿಸಿದರೆ ಏನಾಗುತ್ತದೆ? 768ನ್ನು 1.25ರಿಂದ ಭಾಗಿಸಿದರೆ ಬರುವುದು ಸುಮಾರು 614. ಅಂದರೆ ಆ ಲ್ಯಾಪ್‌ಟಾಪಿನಲ್ಲಿ ಕಿಟಕಿಗಳಿಗೆ ಸಿಗುವ ಜಾಗ 2008ರ ನೆಟ್‌ಬುಕ್ಕಿನಷ್ಟೇ! ಕನ್ನಡಕದ ಅಜ್ಜನಿಗೆಂದು ಅಕ್ಷರ ದೊಡ್ಡದು ಮಾಡಿಟ್ಟ ಯಂತ್ರದಲ್ಲಿ ಮೊಮ್ಮಗಳಿಗೆ ಗುಂಡಿ ಸಿಗದಿರುವುದು ಈ ಕಾರಣಕ್ಕೇ.

ಕನ್ನಡದ್ದು ಇನ್ನೊಂದು ಕಥೆ. ಇಂಗ್ಲಿಷಿನ ಸಾಲಿಗೆ ಸಾಕಾಗುವ ಎತ್ತರ ಕನ್ನಡದ ಸಾಲಿಗೆ ಸಾಲದು. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. 'ರಾಷ್ಟ್ರ', 'ಶಾಸ್ತ್ರ' ಎಂಬಂಥ ಪದಗಳಲ್ಲಿ ಒಂದು ಒತ್ತಿಗೆ ಇನ್ನೊಂದು ಒತ್ತು ಜೊತೆಯಾಗುತ್ತದೆ. ಇಂಗ್ಲಿಷಿನ ಅಳತೆಗೆ ಮೊಳೆ ಹೊಡೆದ ಚೌಕದಲ್ಲಿ ಕನ್ನಡ ಹಾಕಿದರೆ ಕತ್ತರಿಸಿ ಹೋಗುವುದು ಮೊದಲು ಒತ್ತಕ್ಷರವೇ. ಒತ್ತು ಹೋದರೆ ಅರ್ಥವೇ ಹೋಯಿತು. 'ಕತ್ತೆ'ಯ ಒತ್ತು ಹೋದರೆ ಅದು 'ಕತೆ'ಯಾಗುತ್ತದೆ! ಉದ್ದದ ಮಾತೂ ಹಾಗೆಯೇ. 'ಓಕೆ' ಎಂಬಲ್ಲಿ 'ಸರಿ' ಎಂದರೆ ತಕರಾರಿಲ್ಲ. 'ಕ್ಯಾನ್ಸಲ್' ಎಂಬಲ್ಲಿ 'ರದ್ದುಗೊಳಿಸು' ಎಂದರೆ ಗುಂಡಿ ಬಿರಿಯುತ್ತದೆ. ಬುಟ್ಟಿಯಂತೆ ಹೆಣೆದ ಕಿಟಕಿಯಾದರೆ ಪದ ಉದ್ದವಾದಷ್ಟೂ ಗುಂಡಿ ಹಿಗ್ಗುತ್ತದೆ.

ಈ ಕಷ್ಟವನ್ನು ಮೊದಲೇ ಎದುರಿಸಿದ ಒಂದು ಯಂತ್ರ ಬೆಂಗಳೂರಿನಲ್ಲೇ ಹುಟ್ಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು ಸೇರಿ ರೂಪಿಸಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ 2001ರಲ್ಲಿ ಜನರ ಮುಂದೆ ಬಂತು. ಪರದೆ 320 × 240. ಮೊದಲ ಮೆಕಿಂತೋಷಿನ ಅರ್ಧಕ್ಕಿಂತ ಕಡಿಮೆ ಚುಕ್ಕೆ. ಅದರಲ್ಲಿ ಭಾರತೀಯ ಭಾಷೆಗಳು ಕಾಣಬೇಕು, ಓದು ಬಾರದವರೂ ಬಳಸಬೇಕು ಎಂಬುದು ಗುರಿ. ದೊಡ್ಡ ಕಂಪ್ಯೂಟರಿನ ಕಿಟಕಿಗಳನ್ನು ಕುಗ್ಗಿಸಿ ತುರುಕುವ ಬದಲು, ಚಿತ್ರಗಳನ್ನು ಮುಟ್ಟಿ ಸಾಗುವ, ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ದಾರಿಯನ್ನು ಅವರು ಹಿಡಿದರು. ಮಾರುಕಟ್ಟೆಯಲ್ಲಿ ಸಿಂಪ್ಯೂಟರ್ ಗೆಲ್ಲಲಿಲ್ಲ. ಆದರೆ ಪರದೆ ಚಿಕ್ಕದಾದಾಗ ಕಿಟಕಿಯನ್ನಲ್ಲ, ಕೆಲಸದ ಕ್ರಮವನ್ನೇ ಮರುಯೋಚಿಸಬೇಕು ಎಂಬ ಪಾಠ ಉಳಿಯಿತು.

ಮನೆಮದ್ದು

ಗುಂಡಿ ಕಾಣದಾದಾಗ ವಿದ್ಯಾರ್ಥಿಗಳು ಮಾಡಬಹುದಾದ ಕೆಲವು ಕೆಲಸಗಳು ಹೀಗಿವೆ.

ವೆಬ್ ಪುಟವಾದರೆ ಕಂಟ್ರೋಲ್ ಕೀಲಿಯ ಜೊತೆಗೆ ಋಣ ಚಿಹ್ನೆ ಒತ್ತಿದರೆ ಪುಟ ಕುಗ್ಗುತ್ತದೆ. ಕಂಟ್ರೋಲ್ ಜೊತೆಗೆ ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ. ಎಫ್ 11 ಒತ್ತಿದರೆ ಬ್ರೌಸರಿನ ಪಟ್ಟಿಗಳೆಲ್ಲ ಸರಿದು ಪರದೆ ಪೂರ್ತಿ ಪುಟಕ್ಕೇ ಸಿಗುತ್ತದೆ. ಮತ್ತೆ ಒತ್ತಿದರೆ ಪಟ್ಟಿಗಳು ಮರಳುತ್ತವೆ.

ವಿಂಡೋಸಿನ ಕಿಟಕಿ ಪರದೆಗಿಂತ ಉದ್ದವಾಗಿದ್ದರೆ ಆಲ್ಟ್ ಜೊತೆಗೆ ಸ್ಪೇಸ್ ಬಾರ್ ಒತ್ತಬೇಕು. ಮೂಡುವ ಪಟ್ಟಿಯಲ್ಲಿ 'ಮೂವ್' ಎಂಬುದನ್ನು ಆರಿಸಿ, ಮೇಲ್ಮುಖ ಬಾಣದ ಕೀಲಿಯಿಂದ ಕಿಟಕಿಯನ್ನು ಮೇಲಕ್ಕೆ ಸರಿಸಬಹುದು. ಲಿನಕ್ಸಿನಲ್ಲಿ ಆಲ್ಟ್ ಹಿಡಿದು ಎಳೆಯುವುದು. ಈಚಿನ ಕೆಲವು ಆವೃತ್ತಿಗಳಲ್ಲಿ ಆಲ್ಟ್ ಬದಲು ಸೂಪರ್ ಕೀಲಿ, ಅಂದರೆ ವಿಂಡೋಸ್ ಚಿಹ್ನೆಯ ಕೀಲಿ.

ಏನೂ ಆಗದಿದ್ದರೆ ಟ್ಯಾಬ್ ಕೀಲಿ ಇದೆ. ಒಂದೊಂದು ಸಲ ಒತ್ತಿದಾಗಲೂ ಅದು ಮುಂದಿನ ಜಾಗಕ್ಕೆ, ಕಾಣದ ಗುಂಡಿಗೂ, ಹೋಗುತ್ತದೆ. ಎಂಟರ್ ಒತ್ತಿದರೆ ಸಾಮಾನ್ಯವಾಗಿ 'ಓಕೆ' ಒತ್ತಿದಂತೆ, ಎಸ್ಕೇಪ್ ಒತ್ತಿದರೆ 'ಕ್ಯಾನ್ಸಲ್' ಒತ್ತಿದಂತೆ. ಆದರೆ ಇಲ್ಲಿ ಎಚ್ಚರ ಬೇಕು. ಹಣ ಕಟ್ಟುವ, ಅರ್ಜಿಯನ್ನು ಕೊನೆಗೊಳಿಸುವ ಕಿಟಕಿಗಳಲ್ಲಿ ಕಾಣದ ಗುಂಡಿಯನ್ನು ಕುರುಡಾಗಿ ಒತ್ತಬಾರದು. ಹಿಗ್ಗಿಸಿದ ಅಳತೆಯನ್ನು ಸೆಟ್ಟಿಂಗ್ಸ್‌ನಲ್ಲಿ ಶೇಕಡಾ 100ಕ್ಕೆ ಇಳಿಸಿಕೊಂಡು, ಗುಂಡಿಯನ್ನು ಕಣ್ಣಾರೆ ಕಂಡು ಒತ್ತುವುದು ಕ್ಷೇಮ.

ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆಯುವವರಿಗೆ ಇನ್ನೊಂದು ಮಾತು. 2019ರಿಂದ ಜೆಇಇ ಮೇಯ್ನ್‌ನಂಥ ಪರೀಕ್ಷೆಗಳು ಕಂಪ್ಯೂಟರಿನಲ್ಲೇ ನಡೆಯುತ್ತಿವೆ. ಪ್ರಶ್ನೆ ಉದ್ದವಾಗಿದ್ದರೆ ಅದರ ಕೊನೆಯ ಆಯ್ಕೆ ಚೌಕದ ಕೆಳಗೆ ಅಡಗಿರಬಹುದು. ನಾಲ್ಕು ಆಯ್ಕೆಗಳಲ್ಲಿ ಮೂರನ್ನೇ ಕಂಡು ಉತ್ತರ ಗುರುತಿಸುವುದು ಬುದ್ಧಿವಂತರಿಗೂ ಆಗುವ ಎಡವಟ್ಟು. ಅಣಕು ಪರೀಕ್ಷೆಗಳಲ್ಲಿ ಅಭ್ಯಾಸ ಮಾಡುವಾಗಲೇ ಪ್ರತಿ ಪ್ರಶ್ನೆಯನ್ನೂ ಕೊನೆಯವರೆಗೆ ಸರಿಸಿ ನೋಡುವ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ಹೆತ್ತವರು ಲ್ಯಾಪ್‌ಟಾಪ್ ಕೊಳ್ಳಲು ಹೋದಾಗ ಅಂಗಡಿಯವರು ಮೆಮೊರಿ ಎಷ್ಟು, ಪ್ರೊಸೆಸರ್ ಯಾವುದು ಎಂದು ಹೇಳುತ್ತಾರೆ. ಪರದೆಯ ಎತ್ತರ ಎಷ್ಟು ಸಾಲು ಎಂದು ಕೇಳಿ ತಿಳಿಯಬೇಕು. ಒಂದೇ ಬೆಲೆಗೆ 768 ಸಾಲಿನದೂ 1080 ಸಾಲಿನದೂ ಸಿಗುವುದಾದರೆ ಎರಡನೆಯದೇ ಲೇಸು. 16:10 ಪ್ರಮಾಣದ, ಅಂದರೆ 1920 × 1200ರಂಥ ಪರದೆಗಳೂ ಈಗ ಬರುತ್ತಿವೆ. ಓದುವ ಮಕ್ಕಳಿಗೆ ಆ ಹೆಚ್ಚುವರಿ 120 ಸಾಲು ದಂಡವಲ್ಲ.

ಯಾರ ಕಾಲು, ಯಾರ ಹಾಸಿಗೆ?

ಈ ಅಂಕಣ ಓದುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ನಾಳೆ ಎಂಜಿನಿಯರುಗಳಾಗಿ ತಾವೇ ತಂತ್ರಾಂಶ ಬರೆಯುವವರು. ಅವರ ಮೇಜಿನ ಮೇಲೆ ಎರಡೆರಡು ದೊಡ್ಡ ಪರದೆ ಇರುತ್ತವೆ. ಆಗ ನೆನಪಿಡಬೇಕಾದ ಸೂತ್ರಗಳು ಮೂರೇ. ಗುಂಡಿಗೆ ಮೊಳೆ ಹೊಡೆಯಬಾರದು, ಅಂಚಿಗೆ ಅಂಟಿಸಬೇಕು. ಒಳಗಿನ ವಿಷಯ ಹೆಚ್ಚಾದರೆ ಒಳಗೇ ಸುರುಳಿಯಂತೆ ಸರಿಯಬೇಕು. ಗುಂಡಿ ಹೊರಗೆ ನಿಂತಿರಬೇಕು. ಮತ್ತು ಜನರ ಕೈಗೆ ಕೊಡುವ ಮುನ್ನ ಒಂದು ಸಲ, ಅಕ್ಷರ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಬದಲಿಸಿ, ಸಿಗಬಹುದಾದ ಅತಿ ಚಿಕ್ಕ ಪರದೆಯಲ್ಲಿ ತೆರೆದು ನೋಡಬೇಕು. ಹತ್ತು ನಿಮಿಷದ ಕೆಲಸ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಹೇಳುವುದು ಮಲಗುವವನಿಗೆ. ಇಲ್ಲಿ ಹಾಸಿಗೆ ಬಳಸುವವರದು, ಕಾಲು ತಂತ್ರಾಂಶದ್ದು. ಬಡವರ ಮನೆಯ ಹಾಸಿಗೆ ಚಿಕ್ಕದಿದ್ದರೆ ಕಾಲು ಮಡಿಸಬೇಕಾದದ್ದು ಬಂದ ಅತಿಥಿ. ಹಾಸಿಗೆ ಚಿಕ್ಕದೆಂದು ಮನೆಯವರು ನಾಚಬೇಕಾಗಿಲ್ಲ.

ಆ ರಾತ್ರಿಯ ಹುಡುಗಿಗೆ ಇಷ್ಟು ತಿಳಿದಿದ್ದರೆ ಸಾಕು. ಆಲ್ಟ್ ಮತ್ತು ಸ್ಪೇಸ್ ಬಾರ್ ಒತ್ತಿ, 'ಮೂವ್' ಆರಿಸಿ, ಮೇಲಿನ ಬಾಣ ನಾಲ್ಕು ಸಲ ಅದುಮಿದರೆ, ಮುಳುಗಿದ್ದ ಗುಂಡಿ ಮೆಲ್ಲಗೆ ತಲೆ ಎತ್ತುತ್ತದೆ. ಹನ್ನೆರಡು ಹೊಡೆಯುವುದಕ್ಕೆ ಇನ್ನೂ ಸಮಯವಿದೆ.

"ಸಿಕ್ತಪ್ಪಾ! ಇಲ್ಲೇ ಇತ್ತು."

"ನಾನು ಹೇಳಲಿಲ್ವಾ?" ಎಂದು ಅಪ್ಪ ಚಾಪೆ ಹಾಸಿಕೊಳ್ಳುತ್ತಾರೆ.